ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಜನವರಿಯ ಇರುಳಾಕಾಶ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಚಳಿಗಾಲದ ಆಕಾಶದ ಬಗ್ಗೆ. ಕೆಳಗೆ ಕೊಟ್ಟ ಹೊತ್ತುಗಳು 2026ರ ಜನವರಿ ನಡುಭಾಗಕ್ಕೆ, ಉತ್ತರಾರ್ಧಗೋಳದ ಕೆಳ ಅಕ್ಷಾಂಶಗಳಿಗೆ ಸರಿಹೊಂದುವಂಥವು. ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತವೆ. ಹಾಗಾಗಿ ತಿಂಗಳ ಮೊದಲ ವಾರ ನೋಡುವವರು ಸುಮಾರು ಮುಕ್ಕಾಲು ಗಂಟೆ ಕೂಡಿಸಿಕೊಳ್ಳಿ, ಕೊನೆಯ ವಾರದವರು ಅಷ್ಟೇ ಕಳೆಯಿರಿ.

ಪ್ರಶ್ನೆ: ನಕ್ಷತ್ರಪಟ ಹಿಡಿದು ಹೊರಗೆ ನಿಂತರೆ ಒಂದೂ ಹೊಂದುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಪಟ ಹೊಂದದಿರುವುದಕ್ಕೆ ಎರಡು ಕಾರಣಗಳಿರುತ್ತವೆ. ಮೊದಲನೆಯದು, ಆಕಾಶದ ಪಟದಲ್ಲಿ ಪೂರ್ವ-ಪಶ್ಚಿಮ ಅದಲುಬದಲಾಗಿರುತ್ತವೆ. ಅದನ್ನು ಮೇಜಿನ ಮೇಲಿಟ್ಟು ಓದಬಾರದು, ತಲೆಯ ಮೇಲೆ ಎತ್ತಿ ಹಿಡಿದು ನೋಡಬೇಕು. ಎರಡನೆಯದು ಅಳತೆ. ಕಾಗದದಲ್ಲಿ ಅಂಗೈಯಗಲ ಇರುವ ತಾರಾಪುಂಜ ಆಕಾಶದಲ್ಲಿ ನಾವು ಎಣಿಸಿದ್ದಕ್ಕಿಂತ ತುಂಬಾ ದೊಡ್ಡದು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಆಕಾಶದ ಅಳತೆಗೋಲು ಇದೇ.

ರಾತ್ರಿ 8ಕ್ಕೆ ಪೂರ್ವದಲ್ಲಿ, ದಿಗಂತದಿಂದ ಐದಾರು ಮುಷ್ಟಿ ಎತ್ತರದಲ್ಲಿ, ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಮೂರು ನಕ್ಷತ್ರಗಳಿವೆ. ಇದು ಬೇಟೆಗಾರನ ಆಕಾರದ ತಾರಾಪುಂಜ ಮಹಾವ್ಯಾಧನ (ಒರೈಯನ್) ನಡುಪಟ್ಟಿ. ಸಾಲಿನ ಉದ್ದ ಮೂರು ಡಿಗ್ರಿಯೊಳಗೇ, ಅಂದರೆ ಚಾಚಿದ ಕೈಯ ಎರಡು ಬೆರಳಿನ ಅಗಲದಷ್ಟು. ಅದರ ಈಶಾನ್ಯಕ್ಕೆ ಒಂದು ಮುಷ್ಟಿಯಷ್ಟು ದೂರದಲ್ಲಿ ಕೆಂಪಗಿನ ಆರ್ದ್ರಾ, ನೈರುತ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನೀಲಿ ಬಿಳುಪಿನ ರೀಗಲ್. ಈ ಎರಡರ ಬಣ್ಣದ ವ್ಯತ್ಯಾಸ ಕಣ್ಣಿಗೆ ಬಿದ್ದರೆ ನೀವು ಸರಿಯಾದ ಜಾಗದಲ್ಲೇ ಇದ್ದೀರಿ.

ಈಗ ಪಟ್ಟಿಯ ಸಾಲನ್ನು ಎರಡೂ ಕಡೆಗೆ ಎಳೆಯಿರಿ. ಆಗ್ನೇಯಕ್ಕೆ ಎರಡು ಮುಷ್ಟಿ ದಾಟಿದೊಡನೆ ಲುಬ್ಧಕ, ಇಡೀ ರಾತ್ರಿ ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರ (ಕಾಂತಿಮಾನ, ಅಂದರೆ ಹೊಳಪಿನ ಅಂಕಿ, -1.46; ಈ ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು; ದೂರ 8.6 ಜ್ಯೋತಿರ್ವರ್ಷ). ವಾಯವ್ಯಕ್ಕೆ ಅಷ್ಟೇ ದೂರ ಹೋದರೆ ರೋಹಿಣಿ. ಅಲ್ಲಿಂದ ಇನ್ನೂ ಒಂದೂವರೆ ಮುಷ್ಟಿ ಮುಂದೆ ಕೃತ್ತಿಕೆಯ ಗೊಂಚಲು. ಈ ಒಂದು ಗೆರೆ ಗಟ್ಟಿಯಾಗುವವರೆಗೆ ಬೇರೆ ಯಾವುದಕ್ಕೂ ಕೈಹಾಕಬೇಡಿ. ಆಮೇಲೆ ರೀಗಲ್, ರೋಹಿಣಿ, ಬ್ರಹ್ಮಹೃದಯ, ಪುನರ್ವಸು, ಪ್ರೋಸಿಯಾನ್, ಲುಬ್ಧಕ ಎಂದು ಸುತ್ತಿ ಬಂದರೆ ಚಳಿಗಾಲದ ಷಟ್ಕೋನ ಪೂರ್ತಿಯಾಗುತ್ತದೆ. ರಾತ್ರಿ 10ರ ಹೊತ್ತಿಗೆ ಇದು ನೆತ್ತಿಯ ಎರಡೂ ಬದಿಗೆ ಹರಡಿಕೊಂಡಿರುವುದರಿಂದ ನಿಂತು ನೋಡಿದರೆ ಕತ್ತು ಹಿಡಿದುಕೊಳ್ಳುತ್ತದೆ. ಚಾಪೆ ಹಾಸಿ ಮಲಗಿ.

ಪ್ರಶ್ನೆ: ಆ ಮೂರು ನಕ್ಷತ್ರಗಳೇ ಮೃಗಶಿರಾ ಎನ್ನುತ್ತಾರೆ. ಸರಿಯೇ?

ಸಾಮಾನ್ಯವಾಗಿ ಹಾಗೆ ತೋರಿಸುವುದುಂಟು, ಆದರೆ ಸರಿಯಲ್ಲ. ಮೃಗಶಿರಾ ಎಂದರೆ ಆರ್ದ್ರಾ ಮತ್ತು ಇನ್ನೊಂದು ಭುಜದ ಬೆಲಾಟ್ರಿಕ್ಸ್ ನಡುವೆ, ತುಸು ಉತ್ತರಕ್ಕೆ, ಪುಟ್ಟ ತ್ರಿಕೋನವಾಗಿ ಕಾಣುವ ಮೂರು ಮಂದ ನಕ್ಷತ್ರಗಳು. ಹಳೆಯ ಕಥೆಯಲ್ಲಿ ಓಡುವ ಜಿಂಕೆಗೆ ನೆಟ್ಟ ಬಾಣವೇ ಪಟ್ಟಿಯ ಮೂರು ನಕ್ಷತ್ರಗಳು, ಬಿಟ್ಟವನು ಲುಬ್ಧಕ. ಆಕಾಶದಲ್ಲಿ ಬಾಣದ ಗೆರೆ ನಿಜವಾಗಿಯೂ ಲುಬ್ಧಕನ ಕಡೆಗೇ ಇದೆ. ದಾರಿ ನೆನಪಿಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಪ್ರಶ್ನೆ: ಅಗಸ್ತ್ಯ ನಕ್ಷತ್ರ ನನಗೆ ಎಂದೂ ಸಿಕ್ಕಿಲ್ಲ. ಯಾವಾಗ, ಎಲ್ಲಿ ನೋಡಬೇಕು?

ನಿಮ್ಮ ಊರಿನ ಉತ್ತರ ಅಕ್ಷಾಂಶಕ್ಕೆ 53 ಕೂಡಿಸಿ, ಬಂದದ್ದನ್ನು 90ರಿಂದ ಕಳೆಯಿರಿ. ಅಗಸ್ತ್ಯ ದಕ್ಷಿಣ ದಿಗಂತದಿಂದ ಏರಬಲ್ಲ ಅತಿ ಹೆಚ್ಚಿನ ಎತ್ತರ ಅದೇ. 15 ಡಿಗ್ರಿ ಅಕ್ಷಾಂಶದಲ್ಲಿ 22 ಡಿಗ್ರಿ, ಅಂದರೆ ಎರಡು ಮುಷ್ಟಿ. 30 ಡಿಗ್ರಿಯಲ್ಲಿ ಬರೀ 7. ಅಕ್ಷಾಂಶ 37 ದಾಟಿದವರಿಗೆ ಅದು ಹುಟ್ಟುವುದೇ ಇಲ್ಲ.

ಲುಬ್ಧಕ ನೇರ ದಕ್ಷಿಣಕ್ಕೆ ಬರುವುದಕ್ಕೆ 20 ನಿಮಿಷ ಮೊದಲು ಅಗಸ್ತ್ಯ ತನ್ನ ಎತ್ತರದ ತುದಿ ಮುಟ್ಟುತ್ತದೆ. ಈ ತಿಂಗಳ ನಡುವಿನಲ್ಲಿ ಅದು ರಾತ್ರಿ ಹತ್ತೂಮುಕ್ಕಾಲರ ಆಸುಪಾಸು. ಲುಬ್ಧಕದಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿಯಿರಿ. ಪ್ರಕಾಶದಲ್ಲಿ ಇದಕ್ಕೆ ಎರಡನೆಯ ಸ್ಥಾನ (-0.74). ಆದರೂ ಸಿಗದಿರುವುದಕ್ಕೆ ದಕ್ಷಿಣದ ಮರ, ಕಟ್ಟಡ, ದಿಗಂತದ ಮಬ್ಬು ಕಾರಣ. ತೀರ ಕೆಳಗಿದ್ದಾಗ ಗಾಳಿಯ ದಪ್ಪ ಪದರ ಬೆಳಕನ್ನು ನುಂಗುವುದರಿಂದ ಅದು ಹಳದಿಯಾಗಿ, ಮಂದವಾಗಿ ಕಾಣುತ್ತದೆ.

ಪ್ರಶ್ನೆ: ಪೂರ್ವದಲ್ಲಿ ಸಂಜೆಯೇ ಹುಟ್ಟುವ, ಲುಬ್ಧಕಕ್ಕಿಂತಲೂ ಹೊಳೆಯುವ, ಮಿನುಗದ ನಕ್ಷತ್ರ ಯಾವುದು?

ಅದು ಗುರುಗ್ರಹ. ಜನವರಿ 10ರಂದು ಅದು ಸೂರ್ಯನಿಗೆ ನೇರ ಎದುರು ಬರುವುದರಿಂದ ಸೂರ್ಯಾಸ್ತಕ್ಕೆ ಹುಟ್ಟಿ ಇರುಳಿಡೀ ಇರುತ್ತದೆ. ಈ ವರ್ಷ ಇರುವುದು ಮಿಥುನದಲ್ಲಿ, ಪುನರ್ವಸುವಿಗೆ ಒಂದು ಮುಷ್ಟಿಗಿಂತ ಹತ್ತಿರ. ಷಟ್ಕೋನ ಹುಡುಕುವವರು ಗುರುವನ್ನೇ ಪುನರ್ವಸು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ, ಜೋಕೆ. ಬೈನಾಕ್ಯುಲರನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿದರೆ ಗುರುವಿನ ಎರಡೂ ಬದಿಗೆ ಒಂದೇ ಸಾಲಿನಲ್ಲಿ ಎರಡರಿಂದ ನಾಲ್ಕು ಚುಕ್ಕಿಗಳು ಕಾಣುತ್ತವೆ. 1610ರ ಜನವರಿ 7ರಂದು ಗೆಲಿಲಿಯೋ ಮೊದಲು ಕಂಡದ್ದು ಈ ಚಂದ್ರರನ್ನೇ. ಮರುದಿನ ಅದೇ ಹೊತ್ತಿಗೆ ನೋಡಿ, ಜಾಗ ಬದಲಾಗಿರುತ್ತದೆ.

ಶನಿ ಸಂಜೆ ಪಶ್ಚಿಮದಲ್ಲಿದ್ದು ಹತ್ತರ ಸುಮಾರಿಗೆ ಮುಳುಗುತ್ತದೆ. 2025ರ ಮಾರ್ಚ್‌ನಲ್ಲಿ ಅದರ ಬಳೆಗಳು ನಮಗೆ ಅಂಚಾಗಿ ತಿರುಗಿದ್ದವು, ಈಗಲೂ ತೆಳುವಾಗಿಯೇ ಇವೆ. ಶುಕ್ರ ಮತ್ತು ಮಂಗಳ ಈ ತಿಂಗಳು ಸೂರ್ಯನ ಆಚೆ ಬದಿಯಲ್ಲಿವೆ, ಹುಡುಕಬೇಡಿ.

ಪ್ರಶ್ನೆ: 10×50 ಬೈನಾಕ್ಯುಲರ್ ಕೊಂಡೆ. ಮಹಾವ್ಯಾಧದ ನೀಹಾರಿಕೆ (ಅನಿಲ, ದೂಳಿನ ಮೋಡ) ಚಿತ್ರಗಳಲ್ಲಿರುವಂತೆ ಗುಲಾಬಿಯಾಗಿಲ್ಲ, ಬೂದು ಮಸುಕು ಅಷ್ಟೇ. ನಕ್ಷತ್ರಗಳೂ ಚುಕ್ಕಿಯಾಗಿ ನಿಲ್ಲುವುದಿಲ್ಲ. ಉಪಕರಣದ ದೋಷವೇ?

ಬೂದು ಬಣ್ಣ ದೋಷವಲ್ಲ. ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲ. ಚಿತ್ರದ ಗುಲಾಬಿ ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕೂಡಿಸಿ ತೆಗೆದದ್ದು. ಪಟ್ಟಿಯ ದಕ್ಷಿಣಕ್ಕೆ ನಾಲ್ಕೈದು ಡಿಗ್ರಿ ದೂರದಲ್ಲಿ ಕತ್ತಿಯಂತೆ ಇಳಿಬಿದ್ದ ಮೂರು ಮಂದ ಚುಕ್ಕಿಗಳಿವೆ. ನಡುವಿನದು ಚುಕ್ಕಿಯಲ್ಲ, ಸುಮಾರು 1350 ಜ್ಯೋತಿರ್ವರ್ಷ ದೂರದ ನೀಹಾರಿಕೆ. ಅದನ್ನೇ ದಿಟ್ಟಿಸಬೇಡಿ, ನೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಓರೆಗಣ್ಣಿನಲ್ಲಿ ಗಮನಿಸಿ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ರೆಕ್ಕೆ ಚಾಚಿದ ಆಕಾರ ಆಗ ತಾನಾಗಿ ಮೂಡುತ್ತದೆ.

ಚುಕ್ಕಿ ನಿಲ್ಲದಿರುವುದಕ್ಕೆ ಮೊದಲು ಹೊಂದಿಕೆ ನೋಡಿ. ಬಲಗಡೆಯ ಮುಂದಿನ ಗಾಜು ಮುಚ್ಚಿ, ಎಡಗಣ್ಣಿನಲ್ಲಿ ಒಂದು ನಕ್ಷತ್ರ ನೋಡುತ್ತ ನಡುವಿನ ಚಕ್ರ ತಿರುಗಿಸಿ ಚೂಪು ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರ ಮಾತ್ರ ತಿರುಗಿಸಿ. ಉಂಗುರ ನಿಂತ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಚಕ್ರವೊಂದೇ ಸಾಕು. ಇಷ್ಟಾದರೂ ಒಂದು ನಕ್ಷತ್ರ ಎರಡಾಗಿ ಕಂಡರೆ ಒಳಗಿನ ಪಟ್ಟಕ (ಪ್ರಿಸಂ) ಸರಿದಿದೆ ಎಂದರ್ಥ. ಅದು ಮನೆಯಲ್ಲಿ ಬಿಚ್ಚುವ ಕೆಲಸವಲ್ಲ, ಹಿಂದಿರುಗಿಸಿ. ಚೂಪಾದ ನಕ್ಷತ್ರ ಕುಣಿದಾಡಿದರೆ ನಡುಗುತ್ತಿರುವುದು ಕೈ. ಹತ್ತು ಪಟ್ಟು ಹಿಗ್ಗುವಾಗ ನಡುಕವೂ ಹತ್ತು ಪಟ್ಟಾಗುತ್ತದೆ. ಕುರ್ಚಿಯ ತೋಳಿಗೆ ಮೊಣಕೈ ಊರಿ, ಇಲ್ಲವೇ ಮುಕ್ಕಾಲಿಗೆ ಸಿಕ್ಕಿಸಿ.

ಇನ್ನೂ ಕೊಳ್ಳದವರಿಗೆ ಒಂದು ಮಾತು. 50 ಎನ್ನುವುದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಅದನ್ನು ಹಿಗ್ಗಿಸುವ ಅಂಕಿಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 7×50ರಲ್ಲಿ 7 ಮಿ.ಮೀ., 10×50ರಲ್ಲಿ 5. ಎಳೆಯರ ಕಣ್ಣಿನ ಪಾಪೆ ಕತ್ತಲಲ್ಲಿ 7 ಮಿ.ಮೀ. ಅರಳಬಹುದು, ಐವತ್ತು ದಾಟಿದವರದು ಸಾಮಾನ್ಯವಾಗಿ 5ರ ಸುಮಾರಿಗೆ ನಿಲ್ಲುತ್ತದೆ. ಉಳಿದ ಬೆಳಕು ವ್ಯರ್ಥ. ಹಾಗಾಗಿ ಹಿರಿಯರಿಗೆ 10×50 ಲೇಸು.

ಪ್ರಶ್ನೆ: ಎಷ್ಟು ಹೊತ್ತು ನಿಂತರೂ ಬೆರಳೆಣಿಕೆಯ ನಕ್ಷತ್ರಗಳೇ ಕಾಣುತ್ತವೆ.

ನಡುವೆ ಫೋನ್ ನೋಡಿದಿರಾ? ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು, ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಟಾರ್ಚಿಗೆ ಕೆಂಪು ಕಾಗದ ಎರಡು ಪದರ ಸುತ್ತಿ. ಈ ತಿಂಗಳು ಹುಣ್ಣಿಮೆ 3ಕ್ಕೆ, ಅಮಾವಾಸ್ಯೆ 18ಕ್ಕೆ. ಚಂದ್ರನಿಲ್ಲದ ಸಂಜೆಗಳು ಸಿಗುವುದು ಸುಮಾರು 7ರಿಂದ 21ರವರೆಗೆ. ಚಳಿಯ ಸಂಜೆ ಹೊಗೆ, ದೂಳು ನೆಲದ ಬಳಿಯೇ ನಿಂತುಬಿಡುತ್ತವೆ. ದಿಗಂತ ಬಿಟ್ಟು ಮೂರು ಮುಷ್ಟಿ ಮೇಲೆ ನೋಡಿ.

ಪ್ರಶ್ನೆ: 6 ಇಂಚಿನ ಕನ್ನಡಿ ದೂರದರ್ಶಕದಲ್ಲಿ ಗುರು ಕುದಿಯುವ ನೀರಿನ ತಳದಲ್ಲಿದ್ದಂತೆ ಅಲುಗಾಡುತ್ತದೆ. ಗಾಜು ಸಹ ಬೇಗ ಮಂಜಾಗುತ್ತದೆ.

ಮನೆಯೊಳಗೆ ಬೆಚ್ಚಗಿದ್ದ ಕನ್ನಡಿ ಹೊರಗೆ ಬಂದಾಗ ಕೊಳವೆಯೊಳಗೆ ಬಿಸಿಗಾಳಿ ಏಳುತ್ತದೆ. ನೋಡುವ ಮುನ್ನ 45 ನಿಮಿಷವಾದರೂ ಹೊರಗಿಡಿ. ಬಿಸಿಲಿಗೆ ಕಾದ ಕಾಂಕ್ರೀಟ್ ತಾರಸಿ ಗಂಟೆಗಟ್ಟಲೆ ಶಾಖ ಬಿಡುವುದರಿಂದ ಮಣ್ಣು, ಹುಲ್ಲಿನ ನೆಲ ಉತ್ತಮ. ಗ್ರಹ ಮೇಲೇರುವವರೆಗೆ ಕಾಯಿರಿ. 150 ಪಟ್ಟು ಹಿಗ್ಗಿಸಿದಾಗ ಅಲುಗಿದರೆ 75ಕ್ಕೆ ಇಳಿಯಿರಿ. ಚಿಕ್ಕದಾದರೂ ಚೂಪಾದದ್ದು ಹೆಚ್ಚು ವಿವರ ಕೊಡುತ್ತದೆ.

ತಿಳಿ ಆಕಾಶಕ್ಕೆ ಮುಖಮಾಡಿದ ಗಾಜು ತನ್ನ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದಕ್ಕೇ ಇಬ್ಬನಿ ಕೂರುವುದು. ಒರೆಸಬೇಡಿ, ದೂಳಿನ ಕಣ ಉಜ್ಜಿ ಲೇಪ ಗೀರುತ್ತದೆ. ಬೈನಾಕ್ಯುಲರಿಗೂ ಮಸೂರದ ದೂರದರ್ಶಕಕ್ಕೂ ಮುಂದಿನ ಗಾಜಿನ ಅಡ್ಡಳತೆಯ ಒಂದೂವರೆ ಪಟ್ಟು ಉದ್ದದ ಕಪ್ಪು ರಟ್ಟಿನ ಕೊಳವೆ ಸಿಕ್ಕಿಸಿದರೆ ಸಾಕಷ್ಟು ಹೊತ್ತು ತಡೆಯುತ್ತದೆ. ಒಳಗೆ ತರುವಾಗ ಹೊರಗೇ ಚೀಲಕ್ಕೆ ಹಾಕಿ ಮುಚ್ಚಿ ತನ್ನಿ. ತೇವ ಚೀಲದ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ. ಗಾಜು ಮೊದಲೇ ನೆನೆದಿದ್ದರೆ ಮಾತ್ರ ಒಳಗೆ ತಂದು, ಮುಚ್ಚಳ ತೆಗೆದು ಆರಲು ಬಿಡಿ.

ಪ್ರಶ್ನೆ: ಆರ್ದ್ರಾ ಸಿಡಿಯುತ್ತದಂತೆ, ನಿಜವೇ?

ಸಿಡಿಯುತ್ತದೆ, ಒಂದು ಲಕ್ಷ ವರ್ಷದೊಳಗೆ ಯಾವಾಗಲಾದರೂ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಅದು ಕಾಂತಿಮಾನ 1.6ರವರೆಗೆ ಮಂಕಾಗಿ ಬೆಲಾಟ್ರಿಕ್ಸ್‌ಗೆ ಸಮನಾದಾಗ ಈ ಸುದ್ದಿ ಜೋರಾಯಿತು. ಆದರೆ ನಕ್ಷತ್ರವೇ ಉಗುಳಿದ ಅನಿಲ ತಣಿದು ದೂಳಾಗಿ ಬೆಳಕಿಗೆ ಅಡ್ಡ ಬಂದಿತ್ತು. ನೀವೂ ಅಳೆಯಬಹುದು. ಪ್ರೋಸಿಯಾನ್ 0.34, ರೋಹಿಣಿ ಸುಮಾರು 0.85, ಆರ್ದ್ರಾ ಯಾವುದಕ್ಕೆ ಹತ್ತಿರವಿದೆ ಎಂದು ವಾರಕ್ಕೊಮ್ಮೆ ಬರೆದಿಡಿ.

ಪ್ರಶ್ನೆ: ಜನವರಿಯ ಉಲ್ಕಾಪಾತ ನೋಡಲು ಎಚ್ಚರವಿರಬಹುದೇ?

ಈ ವರ್ಷ ನಿದ್ದೆ ಕೆಡಿಸಿಕೊಳ್ಳಬೇಡಿ. ಕ್ವಾಡ್ರಾಂಟಿಡ್ ಉಲ್ಕೆಗಳ ಭರ ಕೆಲವೇ ಗಂಟೆಗಳದು, 3-4ರ ನಡುವಿನ ರಾತ್ರಿ, ಅಂದೇ ಹುಣ್ಣಿಮೆ. ಡಿಸೆಂಬರ್ 13-14ರ ಜೆಮಿನಿಡ್‌ಗೆ ಕಾಯಿರಿ. ಅಂದು ಎಳೆಯ ಚಂದ್ರ ಬೇಗ ಮುಳುಗುತ್ತದೆ. ಗಂಟೆಗೆ 120 ಉಲ್ಕೆಗಳು ಎಂದು ಹೇಳುವ ಅಂಕಿ ಪೂರ್ಣ ಕತ್ತಲಿನ ಆಕಾಶಕ್ಕೆ, ಉಲ್ಕೆಗಳು ಹೊಮ್ಮುವ ಬಿಂದು ನೆತ್ತಿಯಲ್ಲಿದ್ದಾಗಿನ ಲೆಕ್ಕ. ಊರ ದೀಪಗಳ ನಡುವೆ ಅದರ ಕಾಲುಭಾಗ ಸಿಕ್ಕರೂ ಪುಣ್ಯ.

ಪ್ರಶ್ನೆ: ಫೋನಿನಲ್ಲಿ ಮಹಾವ್ಯಾಧನ ಚಿತ್ರ ತೆಗೆಯುವುದು ಹೇಗೆ?

ಮುಕ್ಕಾಲಿ ಇಲ್ಲದೆ ಆಗದು. ಪ್ರೊ ಮೋಡ್‌ಗೆ ಹೋಗಿ ಫೋಕಸ್ ಅನಂತಕ್ಕಿಡಿ, ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 1600, ಶಟರ್ 10 ಸೆಕೆಂಡ್, ಟೈಮರ್ 3 ಸೆಕೆಂಡ್. ಬೆರಳು ತಾಗಿದ ಅಲುಗಾಟ ಆ ಮೂರು ಸೆಕೆಂಡಿನಲ್ಲಿ ನಿಲ್ಲುತ್ತದೆ. ಮುಖ್ಯ ಕ್ಯಾಮೆರಾವನ್ನೇ ಬಳಸಿ, ಜೂಮ್ ಬೇಡ. ಶಟರ್ 20 ಸೆಕೆಂಡ್ ದಾಟಿದರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೆರೆಯಾಗುತ್ತವೆ. ಆಕಾಶ ಹಳದಿಯಾಗಿ ತುಂಬಿ ಬಂದರೆ ಐಎಸ್‌ಒ 800ಕ್ಕೆ ಇಳಿಸಿ. ನಕ್ಷತ್ರಗಳು ಬಿಲ್ಲೆಯಂತೆ ಉಬ್ಬಿದರೆ ಫೋಕಸ್ ತಪ್ಪಿದೆ. ಕೆಲವು ಫೋನ್‌ಗಳಲ್ಲಿ ಅನಂತದ ಗುರುತು ನಿಜವಾದ ಅನಂತವನ್ನು ದಾಟಿರುತ್ತದೆ, ಒಂದು ಕೂದಲು ಹಿಂದಕ್ಕೆ ತನ್ನಿ.

ಪ್ರಶ್ನೆ: ಉಪಕರಣವೇ ಇಲ್ಲದೆ ಮಾಡಬಹುದಾದ ಕೆಲಸ ಏನಾದರೂ ಇದೆಯೇ?

ಅಲ್ಗಾಲ್ ನೋಡಿ. ಸಂಜೆ 7ಕ್ಕೆ ನೆತ್ತಿಯಿಂದ ತುಸು ಉತ್ತರಕ್ಕೆ, ಕೃತ್ತಿಕೆಯಿಂದ ಉತ್ತರದ W ಆಕಾರದ ಪುಂಜ ಕ್ಯಾಸಿಯೋಪಿಯಾದ ಕಡೆ ಎರಡು ಮುಷ್ಟಿಯೊಳಗೆ ಸಿಗುವ ನಕ್ಷತ್ರ ಇದು. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಇದರ ಮಂದ ಜೊತೆಗಾತಿ ಮುಂದೆ ಹಾದು ಬೆಳಕಿಗೆ ಅಡ್ಡ ಬರುತ್ತದೆ. ಕಾಂತಿಮಾನ 2.1ರಿಂದ 3.4ಕ್ಕೆ ಇಳಿದು ಮತ್ತೆ ಏರಲು ಸುಮಾರು 10 ಗಂಟೆ. ಪಕ್ಕದ ದೇವಯಾನಿ ಪುಂಜದ ಅಲ್ಮಾಕ್ (2.1) ಜೊತೆ ಅರ್ಧ ಗಂಟೆಗೊಮ್ಮೆ ಹೋಲಿಸಿ; ಸಮನಾಗಿದ್ದರೆ ಗ್ರಹಣವಿಲ್ಲ. ಒಂದು ಸಲ 10ನೇ ತಾರೀಕಿನ ರಾತ್ರಿ 12ಕ್ಕೆ ತೀರ ಮಂಕಾಗಿ ಸಿಕ್ಕಿತೆನ್ನಿ, ಮುಂದಿನದು 13ರ ರಾತ್ರಿ 8.49ಕ್ಕೆ, ಅದರ ಮುಂದಿನದು 16ರ ಸಂಜೆ 5.38ಕ್ಕೆ. ಆಗಿನ್ನೂ ಬೆಳಕಿರುವುದರಿಂದ ಅದು ಮತ್ತೆ ಏರುವುದನ್ನಷ್ಟೇ ಹಿಡಿಯಬಹುದು.