ಬಾಂಡ್ ಕಥೆ ಮತ್ತೆ ಮೊದಲಿನಿಂದ: ನಿಮ್ಮ ತಕರಾರು, ನಮ್ಮ ಉತ್ತರ

ಡೇನಿಯಲ್ ಕ್ರೇಗ್ ನಟಿಸಿದ ಐದು ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಯಾವುದು ಹಿಡಿಸಿತು, ಎಲ್ಲಿ ಬೇಸರವಾಯಿತು ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ‘ಕ್ಯಾಸಿನೊ ರಾಯಲ್’ (2006), ‘ಕ್ವಾಂಟಮ್ ಆಫ್ ಸೊಲೇಸ್’ (2008), ‘ಸ್ಕೈಫಾಲ್’ (2012), ‘ಸ್ಪೆಕ್ಟರ್’ (2015), ‘ನೋ ಟೈಮ್ ಟು ಡೈ’ (2021) ಆ ಐದು. ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಹೆಚ್ಚು. ತಕರಾರು ತೆಗೆದವರೆಲ್ಲ ಚಿತ್ರಗಳನ್ನು ಕಣ್ಣಿಟ್ಟು ನೋಡಿದ್ದಾರೆ ಎನ್ನುವುದೇ ಸಂತೋಷ. ಉತ್ತರಗಳಲ್ಲಿ ಕಥೆಯ ಗುಟ್ಟುಗಳು ಬಯಲಾಗುತ್ತವೆ. ಚಿತ್ರ ನೋಡಿಲ್ಲದವರು ಮೊದಲು ನೋಡಿ, ಆಮೇಲೆ ಓದಿ.

ಪ್ರಶ್ನೆ: ‘ಕ್ಯಾಸಿನೊ ರಾಯಲ್’ನಲ್ಲಿ ಬಾಂಡ್ ಹೊಸಬ, ಆಗಷ್ಟೇ ಡಬಲ್ ಓ (ಕೊಲ್ಲಲು ಪರವಾನಗಿ ಇರುವ ಗೂಢಚಾರ) ಆದವನು. ಆದರೆ ಅವನ ಮೇಲಧಿಕಾರಿ ಎಂ ಮಾತ್ರ ಹಳೆಯ ಪಿಯರ್ಸ್ ಬ್ರಾಸ್ನನ್ ಚಿತ್ರಗಳ ಜೂಡಿ ಡೆಂಚ್ ಅವರೇ. ಇದು ಹೇಗೆ ಸರಿ? (ಶಿವಮೊಗ್ಗದ ಓದುಗರು)

ನಟಿ ಅವರೇ, ಪಾತ್ರ ಬೇರೆ. 1995ರ ‘ಗೋಲ್ಡನ್‌ಐ’ ಚಿತ್ರದ ಎಂ ಆ ಕುರ್ಚಿಗೆ ಹೊಸಬರು. ಬಾಂಡ್‌ನನ್ನು ಶೀತಲ ಸಮರದ ಪಳೆಯುಳಿಕೆ ಎಂದು ಮುಖಕ್ಕೇ ಹೇಳುತ್ತಾರೆ. 2006ರ ಎಂ ಶೀತಲ ಸಮರದ ಕಾಲವೇ ಚೆನ್ನಾಗಿತ್ತು ಎಂದು ಗೊಣಗುತ್ತಾರೆ. ಒಬ್ಬರು ಹಳೆಯದನ್ನು ಕಂಡರೆ ಸಿಡಿಯುವವರು, ಇನ್ನೊಬ್ಬರು ಹಳೆಯದಕ್ಕೆ ಹಂಬಲಿಸುವವರು. ಎರಡೂ ಚಿತ್ರಗಳ ನಿರ್ದೇಶಕರು ಮಾರ್ಟಿನ್ ಕ್ಯಾಂಪ್‌ಬೆಲ್ ಅವರೇ ಆದ್ದರಿಂದ ಇದನ್ನು ಮರೆವು ಎನ್ನುವಂತಿಲ್ಲ. ಆರಂಭದ ಕಪ್ಪು ಬಿಳುಪು ದೃಶ್ಯವನ್ನೂ ಗಮನಿಸಿ. ಡಬಲ್ ಓ ಪದವಿಗೆ ಬೇಕಾದ ಎರಡು ಕೊಲೆಗಳನ್ನು ಬಾಂಡ್ ಅಲ್ಲಿ ಮುಗಿಸುತ್ತಾನೆ. ಇದರ ಹಿಂದೆ ಅವನಿಗೆ ಯಾವ ಚಿತ್ರವೂ ಇಲ್ಲ ಎಂಬ ಕರಾರು ನಮ್ಮೊಡನೆ ಅಲ್ಲೇ ಆಗಿಹೋಗುತ್ತದೆ.

ಪ್ರಶ್ನೆ: ಯಂತ್ರಗಳನ್ನು ಮಾಡಿಕೊಡುವ ಕ್ಯೂ ಇಲ್ಲ, ಎಂ ಅವರ ಕಾರ್ಯದರ್ಶಿ ಮನಿಪೆನ್ನಿ ಇಲ್ಲ, ತಂತ್ರದ ಪೆನ್ನು ಗಡಿಯಾರ ಇಲ್ಲ. ಹೆಸರು ತೆಗೆದರೆ ‘ಕ್ಯಾಸಿನೊ ರಾಯಲ್’ ಯಾವುದೋ ಹೊಡೆದಾಟದ ಚಿತ್ರ ಅನ್ನಿಸುವುದಿಲ್ಲವೇ? (ದಾವಣಗೆರೆಯ ಓದುಗರು)

ಇಲ್ಲ. ನಾವು ಬಾಂಡ್ ಎಂದು ಗುರುತಿಸುವ ಒಂದೊಂದು ಚಾಳಿಯೂ ಎಲ್ಲಿಂದ ಬಂತು ಎಂದು ತೋರಿಸುವುದೇ ಈ ಚಿತ್ರದ ಕೆಲಸ. ಕಪ್ಪು ಡಿನ್ನರ್ ಜಾಕೆಟ್ ಅವನ ಆಯ್ಕೆಯಲ್ಲ. ಆಟಕ್ಕೆ ಸರ್ಕಾರದ ಹಣ ತಂದ ವೆಸ್ಪರ್ ಲಿಂಡ್ ಅವನ ಮೈಕಟ್ಟನ್ನು ಕಣ್ಣಳತೆಯಲ್ಲೇ ಅಂದಾಜಿಸಿ ಹೊಲಿಸಿ ತಂದಿರುತ್ತಾಳೆ. ಮೊದಲು ಮುನಿಸಿಕೊಳ್ಳುವ ಬಾಂಡ್ ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತಾಗ ತನ್ನನ್ನೇ ಹೊಸದಾಗಿ ನೋಡಿಕೊಳ್ಳುತ್ತಾನೆ. ಬೆಳ್ಳಿ ಬಣ್ಣದ ಆಸ್ಟನ್ ಮಾರ್ಟಿನ್ ಡಿಬಿ5 ಇಲಾಖೆ ಕೊಟ್ಟ ಕಾರಲ್ಲ, ಬಹಾಮಾಸ್‌ನಲ್ಲಿ ಇಸ್ಪೀಟಾಟದಲ್ಲಿ ಗೆದ್ದದ್ದು. ಮಾರ್ಟಿನಿಯನ್ನು ಕುಲುಕಬೇಕೋ ಕಲಕಬೇಕೋ ಎಂದು ಕೇಳಿದರೆ ಅವನು ಸಿಡುಕುತ್ತಾನೆ, ಅಂಥ ಶೋಕಿಗೆ ಅವನಿನ್ನೂ ಬಂದಿಲ್ಲ.

ಹೋಟೆಲಿನ ಮೆಟ್ಟಿಲ ಮೇಲಿನ ಹೊಡೆದಾಟ ಮುಗಿದ ಮೇಲಿನ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿ. ಇಬ್ಬರನ್ನು ಕೊಂದ ಬಾಂಡ್ ಕೋಣೆಗೆ ಬಂದು ರಕ್ತವಾದ ಅಂಗಿ ಕಳಚುತ್ತಾನೆ, ಬೇಸಿನ್ ಮುಂದೆ ಗಾಯ ತೊಳೆಯುತ್ತಾನೆ, ಒಂದು ಲೋಟ ಕುಡಿಯುತ್ತಾನೆ, ಕನ್ನಡಿ ನೋಡುತ್ತಾನೆ. ಆಮೇಲೆ ಇನ್ನೊಂದು ಬಿಳಿ ಅಂಗಿ ತೊಟ್ಟು ಏನೂ ಆಗದವನಂತೆ ಆಟದ ಮೇಜಿಗೆ ಮರಳುತ್ತಾನೆ. ಹಳೆಯ ಚಿತ್ರಗಳಲ್ಲಿ ಹೊಡೆದಾಟ ಮುಗಿದರೆ ಟೈ ಸರಿಮಾಡಿಕೊಂಡು ಒಂದು ಚಟಾಕಿ ಹಾರಿಸಿದರೆ ಸಾಕಿತ್ತು. ಆ ನಿರಾಳತೆಗೆ ಒಳಗೆ ಎಷ್ಟು ಬೆಲೆ ತೆರಬೇಕು ಎಂಬುದು ಇಲ್ಲಿ ಮಾತಿಲ್ಲದೆ ತಿಳಿಯುತ್ತದೆ.

ಸಂಗೀತದಲ್ಲೂ ಇದೇ ಲೆಕ್ಕ. ಡೇವಿಡ್ ಆರ್ನಾಲ್ಡ್ ಪ್ರಸಿದ್ಧ ಬಾಂಡ್ ಧಾಟಿಯ ಎಳೆಗಳನ್ನು ಅಲ್ಲಲ್ಲಿ ಬಿಟ್ಟುಕೊಡುತ್ತಾರೆಯೇ ಹೊರತು ಪೂರ್ತಿ ಕೇಳಿಸುವುದಿಲ್ಲ. 144 ನಿಮಿಷಗಳ ಚಿತ್ರದ ಕಟ್ಟಕಡೆಗೆ, ಖಳರ ಕೂಟದ ಮಿಸ್ಟರ್ ವೈಟ್‌ನ ಕಾಲಿಗೆ ಗುಂಡು ಹೊಡೆದು ‘ಬಾಂಡ್, ಜೇಮ್ಸ್ ಬಾಂಡ್’ ಎಂದ ಮೇಲಷ್ಟೇ ಅದು ಪೂರ್ತಿಯಾಗಿ ಮೊಳಗುತ್ತದೆ.

ಪ್ರಶ್ನೆ: ಕೊನೆಯ ಪೋಕರ್ ಆಟದಲ್ಲಿ ಯಾರ ಹತ್ತಿರ ಏನಿತ್ತು, ಬಾಂಡ್ ಹೇಗೆ ಗೆದ್ದ ಎಂಬುದೇ ಅರ್ಥವಾಗಲಿಲ್ಲ. ಆಟ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಹೇಳಿ. (ಹುಬ್ಬಳ್ಳಿಯ ಓದುಗರು)

ಇಯಾನ್ ಫ್ಲೆಮಿಂಗ್ ಅವರ 1953ರ ಕಾದಂಬರಿಯಲ್ಲಿ ಆಡುವುದು ಬ್ಯಾಕರಾ. ಅದರಲ್ಲಿ ಅದೃಷ್ಟದ ಪಾಲೇ ಹೆಚ್ಚು. ಚಿತ್ರದವರು ಅದನ್ನು ಟೆಕ್ಸಾಸ್ ಹೋಲ್ಡೆಮ್ ಪೋಕರ್ ಮಾಡಿದ್ದಾರೆ. ಪ್ರತಿಯೊಬ್ಬರ ಕೈಯಲ್ಲಿ ಗುಟ್ಟಾಗಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಈ ಏಳರಲ್ಲಿ ಅತ್ಯುತ್ತಮ ಐದನ್ನು ಆರಿಸಿಕೊಳ್ಳಬೇಕು. ಆಟಕ್ಕೆ ಕೂತವರು ಹತ್ತು ಜನ. ತಲಾ ಒಂದು ಕೋಟಿ ಡಾಲರ್ ಕಟ್ಟಿ ಕೂರಬೇಕು, ಸೋತರೆ ಇನ್ನೂ 50 ಲಕ್ಷ ಕಟ್ಟಿ ಒಮ್ಮೆ ಮರಳಬಹುದು. ಎಲ್ಲರೂ ಕಟ್ಟಿದರೆ ಒಟ್ಟು 15 ಕೋಟಿ.

ಕೊನೆಯ ಸುತ್ತಿನಲ್ಲಿ ಮೇಜಿನ ಮೇಲೆ ಬಿದ್ದ ಎಲೆಗಳು ಕ್ರಮವಾಗಿ ಆಟಿನ್ ಎಕ್ಕ, ಇಸ್ಪೀಟ್ ಎಂಟು, ಇಸ್ಪೀಟ್ ಆರು, ಆಮೇಲೆ ಇಸ್ಪೀಟ್ ನಾಲ್ಕು, ಕಡೆಗೆ ಇಸ್ಪೀಟ್ ಎಕ್ಕ. ಮೊದಲ ಆಟಗಾರನ ಕೈಯಲ್ಲಿ ಇಸ್ಪೀಟ್ ರಾಜ ಮತ್ತು ರಾಣಿ. ಐದೂ ಇಸ್ಪೀಟ್ ಜಾತಿಯವು, ಅಂದರೆ ಫ್ಲಶ್. ಎರಡನೆಯವನ ಕೈಯಲ್ಲಿ ಎರಡು ಎಂಟು. ಮೂರು ಎಂಟು, ಎರಡು ಎಕ್ಕ ಸೇರಿ ಫುಲ್ ಹೌಸ್, ಅದು ಫ್ಲಶ್‌ಗಿಂತ ದೊಡ್ಡದು. ಖಳನಾಯಕ ಲೆ ಶಿಫ್ರ್ ಹತ್ತಿರ ಒಂದು ಎಕ್ಕ, ಒಂದು ಆರು. ಅವನದೂ ಫುಲ್ ಹೌಸ್, ಆದರೆ ಮೂರು ಎಕ್ಕಗಳದ್ದು, ಇನ್ನೂ ದೊಡ್ಡದು. ಬಾಂಡ್ ಕೈಯಲ್ಲಿ ಇಸ್ಪೀಟ್ ಐದು ಮತ್ತು ಏಳು. ನಾಲ್ಕರಿಂದ ಎಂಟರವರೆಗೆ ಒಂದೇ ಜಾತಿಯ ಸರಣಿ, ಸ್ಟ್ರೇಟ್ ಫ್ಲಶ್. ಎಲ್ಲಕ್ಕಿಂತ ಮೇಲು.

ಇಲ್ಲಿ ಎರಡು ಮಾತು. ಪೋಕರ್ ಬಲ್ಲವರ ದೂರು ನ್ಯಾಯವೇ: ನಾಲ್ಕು ಜನರಿಗೆ ಒಂದೇ ಸುತ್ತಿನಲ್ಲಿ ಇಷ್ಟು ದೊಡ್ಡ ಎಲೆ ಬೀಳುವುದು ತೀರಾ ಅಪರೂಪ. ಆದರೆ ಬಾಂಡ್ ಎದುರಾಳಿಯ ಮುಖ ಓದಿ ಈ ಸುತ್ತು ಗೆದ್ದ ಎನ್ನುವವರು ಎಲೆ ಬಿದ್ದ ಕ್ರಮ ನೋಡಿಲ್ಲ. ನಾಲ್ಕನೆಯ ಎಲೆ ಇಸ್ಪೀಟ್ ನಾಲ್ಕು ಬಿದ್ದಾಗಲೇ ಅವನ ಸರಣಿ ಪೂರ್ತಿಯಾಗಿತ್ತು. ಆ ಮೇಜಿನಲ್ಲಿ ಅದನ್ನು ಮೀರಿಸುವ ಜೋಡಿಯೇ ಇರಲಿಲ್ಲ. ಐದನೆಯ ಎಲೆಯಾಗಿ ಬಂದ ಎಕ್ಕ ಸಹಾಯ ಮಾಡಿದ್ದು ಲೆ ಶಿಫ್ರ್‌ಗೆ, ಅವನು ಇದ್ದದ್ದನ್ನೆಲ್ಲ ಸುರಿಯುವಷ್ಟು ಧೈರ್ಯ ತುಂಬಿದ್ದೂ ಅದೇ ಎಲೆ. ಮುಖ ಓದುವ ನಿಜವಾದ ಆಟ ಇದಕ್ಕೂ ಮುಂಚಿನದು. ಕಣತಲೆಯ ಹತ್ತಿರ ಬೆರಳಾಡಿಸುವುದು ಲೆ ಶಿಫ್ರ್‌ನ ಸುಳ್ಳಾಟದ ಗುರುತು ಎಂದು ನಂಬಿ ಬಾಂಡ್ ಕೋಟಿ ಡಾಲರನ್ನೂ ಕಳೆದುಕೊಳ್ಳುತ್ತಾನೆ. ಲೆ ಶಿಫ್ರ್ ಬೇಕೆಂದೇ ಬೆರಳಾಡಿಸಿದ್ದ. ವೆಸ್ಪರ್ ಇನ್ನೂ 50 ಲಕ್ಷ ಕೊಡಲು ಒಪ್ಪುವುದಿಲ್ಲ. ಅಮೆರಿಕದ ಸಿಐಎಯ ಫೀಲಿಕ್ಸ್ ಲೀಟರ್ ಹಣ ಹಾಕುತ್ತಾನೆ, ಗೆದ್ದರೆ ಲೆ ಶಿಫ್ರ್‌ನನ್ನು ತಮಗೆ ಒಪ್ಪಿಸಬೇಕು ಎಂಬ ಷರತ್ತಿನ ಮೇಲೆ. ಅಹಂಕಾರಕ್ಕೆ ಬಿದ್ದ ಆ ಪೆಟ್ಟೇ ಆಟದ ಭಾಗದ ಜೀವ.

ಪ್ರಶ್ನೆ: ರಸ್ತೆಯಲ್ಲಿ ಕಟ್ಟಿಹಾಕಿದ ವೆಸ್ಪರ್‌ಳನ್ನು ತಪ್ಪಿಸಲು ಹೋಗಿ ಕಾರು ಪಲ್ಟಿಯಾಗುವ ದೃಶ್ಯ ಕಂಪ್ಯೂಟರ್‌ನದೇ? (ಮೈಸೂರಿನ ಓದುಗರು)

ನಿಜವಾದ ಕಾರು, ಒಳಗೆ ನಿಜವಾದ ಚಾಲಕ. ಆಸ್ಟನ್ ಮಾರ್ಟಿನ್ ಡಿಬಿಎಸ್ ನೆಲಕ್ಕೆ ತೀರಾ ಹತ್ತಿರ ಕೂರುವ ಕಾರು. ಭಾರವೆಲ್ಲ ಕೆಳಗಿರುವುದರಿಂದ ಇಳಿಜಾರಿನ ಹಲಗೆ ಹತ್ತಿಸಿದರೆ ಸಾಕಷ್ಟು ಮಗುಚುತ್ತಿರಲಿಲ್ಲ. ಹಾಗಾಗಿ ಚಾಲಕನ ಸೀಟಿನ ಹಿಂದೆ ಒತ್ತಡದ ಅನಿಲದಿಂದ ಸಿಡಿಯುವ ಕೊಳವೆ ಕೂರಿಸಿದರು. ಸ್ಟಂಟ್ ಚಾಲಕ ಆ್ಯಡಮ್ ಕರ್ಲಿ ಗಂಟೆಗೆ 110 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಅದನ್ನು ಸಿಡಿಸಿದರು. ಸಿಡಿತ ನೆಲವನ್ನು ಒದ್ದಾಗ ಕಾರಿನ ಒಂದು ಮಗ್ಗುಲು ಮೇಲೆದ್ದು ಉರುಳಿತು, ಏಳು ಸುತ್ತು ಪೂರ್ತಿ. ಅದು ಆಗ ಗಿನ್ನೆಸ್ ದಾಖಲೆಯಾಗಿತ್ತು. 

ಪ್ರಶ್ನೆ: ‘ಕ್ವಾಂಟಮ್ ಆಫ್ ಸೊಲೇಸ್’ ನೋಡಿ ತಲೆನೋವು ಬಂತು. ಯಾರು ಯಾರನ್ನು ಅಟ್ಟುತ್ತಿದ್ದಾರೆ ಎಂದೇ ತಿಳಿಯದು. (ಬೆಳಗಾವಿಯ ಓದುಗರು)

ನಿಮ್ಮ ದೂರು ನಿಜ. ಗಾರ್ದಾ ಸರೋವರದ ಬಳಿಯ ಮೊದಲ ಕಾರ್ ಬೆನ್ನಟ್ಟುವಿಕೆಯಲ್ಲಿ ಯಾವ ಕಾರು ಎಡಕ್ಕೆ, ಯಾವುದು ಬಲಕ್ಕೆ ಎಂದು ಕಣ್ಣು ಹಿಡಿಯುವಷ್ಟರಲ್ಲಿ ದೃಶ್ಯ ಕತ್ತರಿಸಿಹೋಗುತ್ತದೆ. ಕಥೆ ಬಡವಾಗಲು ಇನ್ನೊಂದು ಕಾರಣವೂ ಇದೆ. 2007ರ ನವೆಂಬರ್‌ನಿಂದ 2008ರ ಫೆಬ್ರವರಿವರೆಗೆ ಅಮೆರಿಕದಲ್ಲಿ ಚಿತ್ರಲೇಖಕರ ಮುಷ್ಕರ ನಡೆಯಿತು. ತಿದ್ದಿ ಗಟ್ಟಿಮಾಡಬೇಕಾದ ಚಿತ್ರಕಥೆ ಹಾಗೆಯೇ ಚಿತ್ರೀಕರಣಕ್ಕೆ ಹೋಯಿತು.

ಆದರೂ ಒಂದು ಸಲಹೆ. ಇದನ್ನು ಬಿಡಿಯಾಗಿ ನೋಡಬೇಡಿ, ‘ಕ್ಯಾಸಿನೊ ರಾಯಲ್’ ಮುಗಿದ ಮರುದಿನವೇ ನೋಡಿ. ಕಥೆ ಮೊದಲ ಚಿತ್ರ ಮುಗಿದ ಸ್ವಲ್ಪ ಹೊತ್ತಿಗೇ ಶುರುವಾಗುತ್ತದೆ, ಮಿಸ್ಟರ್ ವೈಟ್ ಇನ್ನೂ ಕಾರಿನ ಡಿಕ್ಕಿಯಲ್ಲೇ ಇದ್ದಾನೆ. ವೆಸ್ಪರ್‌ಳ ಸಾವಿನ ನೋವು ನಿಮ್ಮಲ್ಲಿ ಹಸಿಯಾಗಿದ್ದರೆ 106 ನಿಮಿಷಗಳ ಈ ಚಿತ್ರ ಅದರ ಕೊನೆಯ ಅಂಕದಂತೆ ಕಾಣುತ್ತದೆ. ಆಸ್ಟ್ರಿಯಾದ ಬ್ರೆಗೆನ್ಸ್‌ನಲ್ಲಿ ಒಪೆರಾ ನಡೆಯುತ್ತಿರುವಾಗಲೇ ಖಳರು ಕಿವಿಯಂತ್ರದಲ್ಲಿ ಸಭೆ ನಡೆಸುವ ದೃಶ್ಯವಂತೂ ಐದೂ ಚಿತ್ರಗಳಲ್ಲಿ ಅತ್ಯುತ್ತಮವಾದವುಗಳಲ್ಲಿ ಒಂದು.

ಪ್ರಶ್ನೆ: ‘ಸ್ಕೈಫಾಲ್’ ಅಷ್ಟು ಚೆನ್ನಾಗಿತ್ತು. ಅದೇ ಸ್ಯಾಮ್ ಮೆಂಡೆಸ್ ನಿರ್ದೇಶಿಸಿದ ‘ಸ್ಪೆಕ್ಟರ್’ ಏಕೆ ಹಾಗಾಯಿತು? (ಬೆಂಗಳೂರಿನ ಇಬ್ಬರು ಓದುಗರು)

ಅತಿ ಹೆಚ್ಚು ಪತ್ರಗಳು ಬಂದದ್ದು ಇದರ ಬಗ್ಗೆಯೇ. ಬೇರು ಹುಡುಕಿದರೆ ಹಕ್ಕುಗಳ ಜಗಳಕ್ಕೆ ಹೋಗಬೇಕು. ಸ್ಪೆಕ್ಟರ್ ಎಂಬ ಸಂಘಟನೆ, ಬ್ಲೋಫೆಲ್ಡ್ ಎಂಬ ಖಳ, ಎರಡೂ ಚಿತ್ರ ನಿರ್ಮಾಪಕ ಕೆವಿನ್ ಮೆಕ್‌ಕ್ಲೋರಿ ಹೂಡಿದ ವ್ಯಾಜ್ಯದಲ್ಲಿ ದಶಕಗಳ ಕಾಲ ಸಿಕ್ಕಿಕೊಂಡಿದ್ದವು. ಅದು ಬಗೆಹರಿದದ್ದು 2013ರಲ್ಲಿ. ಅಷ್ಟರಲ್ಲಿ ಕ್ರೇಗ್ ಅವರ ಮೂರು ಚಿತ್ರ ಬಂದಾಗಿತ್ತು, ಖಳರ ಕೂಟಕ್ಕೆ ಕ್ವಾಂಟಮ್ ಎಂಬ ಬೇರೆ ಹೆಸರನ್ನೂ ಇಟ್ಟಾಗಿತ್ತು. ಹಕ್ಕು ಕೈಗೆ ಬಂದಾಗ ಮುಂದಿನ ಕಥೆಗೆ ಬ್ಲೋಫೆಲ್ಡ್‌ನನ್ನು ಹೊಸಬನಾಗಿ ತರಬಹುದಿತ್ತು. ಅದರ ಬದಲು ಹಿಂದಿನ ಮೂರೂ ಚಿತ್ರಗಳ ದುಃಖಕ್ಕೆ ಅವನೇ ಕಾರಣ, ಅವನು ಬಾಂಡ್‌ನನ್ನು ಸಾಕಿದವರ ಮಗ ಎಂದರು.

ಇದರಿಂದ ಕೆಟ್ಟದ್ದು ಒಂದು ಚಿತ್ರವಷ್ಟೇ ಅಲ್ಲ. ‘ಸ್ಕೈಫಾಲ್’ನ ಖಳ, ಹಿಂದೆ ಎಂ ಕೈಕೆಳಗೆ ಗೂಢಚಾರನಾಗಿದ್ದ ಸಿಲ್ವಾನನ್ನು ನೆನೆಯಿರಿ. ಎಂ ತನ್ನನ್ನು ಚೀನೀಯರಿಗೆ ಒಪ್ಪಿಸಿದರು, ನುಂಗಿದ ಸೈನೈಡ್ ಕೊಲ್ಲದೆ ಒಳಗೆಲ್ಲ ಸುಟ್ಟಿತು. ದವಡೆಯ ಕಟ್ಟನ್ನು ಬಾಯಿಂದ ತೆಗೆದು ಅವನು ಮುಖ ತೋರಿಸುವ ಆ ಕ್ಷಣದಲ್ಲಿ ಅವನ ದ್ವೇಷ ತಾಯಿಯಿಂದ ತಿರಸ್ಕೃತನಾದ ಮಗನದು. ಅಂಥವನನ್ನು ಇನ್ನೊಬ್ಬನ ಆಳು ಎಂದುಬಿಟ್ಟರೆ ಆ ದ್ವೇಷಕ್ಕೆ ಬೆಲೆ ಎಲ್ಲಿ? ಹೊಸದಾಗಿ ಶುರುಮಾಡಿದ ಕಥೆ ಹಿಂದೆ ನಡೆದದ್ದನ್ನು ಹೊತ್ತುಕೊಂಡು ಮುಂದೆ ಹೋಗಬೇಕು. ಹಿಂದಕ್ಕೆ ಹೋಗಿ ನಡೆದದ್ದರ ಅರ್ಥವನ್ನೇ ತಿದ್ದಬಾರದು.

ಇಬ್ಬರಲ್ಲಿ ಒಬ್ಬರು ಡಿಬಿ5 ಕಾರಿನ ಎಡವಟ್ಟನ್ನೂ ಹಿಡಿದಿದ್ದಾರೆ, ಭೇಷ್. ಇಸ್ಪೀಟಿನಲ್ಲಿ ಗೆದ್ದ ಕಾರಿನ ಸ್ಟಿಯರಿಂಗ್ ಎಡಕ್ಕಿದೆ. ‘ಸ್ಕೈಫಾಲ್’ನಲ್ಲಿ ಹೊರಬರುವ ಕಾರಿನದು ಬಲಕ್ಕೆ, ಮೇಲೆ ಬಿಎಂಟಿ 216ಎ ಎಂಬ ಹಳೆಯ ನಂಬರು, ದೀಪಗಳ ಹಿಂದೆ ಬಂದೂಕು. ಅದು 1964ರ ಶಾನ್ ಕಾನರಿಯ ಬಾಂಡ್ ಓಡಿಸಿದ ಕಾರಿನ ನಂಬರು. ಈ ಬಾಂಡ್‌ನ ಬದುಕಿನಲ್ಲಿ ಆ ಕಾರು ಬರಲು ದಾರಿಯೇ ಇಲ್ಲ. ಐವತ್ತನೇ ವರ್ಷದ ಸಂಭ್ರಮಕ್ಕೆ ಪ್ರೇಕ್ಷಕರಿಗೆ ಕೊಟ್ಟ ಕಾಣಿಕೆ ಎಂದು ಒಪ್ಪಿಕೊಳ್ಳಬಹುದು, ಕಥೆಯ ಲೆಕ್ಕಕ್ಕೆ ಅದು ತಪ್ಪೇ.

ಪ್ರಶ್ನೆ: ‘ಸ್ಪೆಕ್ಟರ್’ ಥಿಯೇಟರಿನಲ್ಲಿ ನೋಡಿದಾಗ ಕೆಲವು ದೃಶ್ಯ ಜಿಗಿದಂತೆ ಅನ್ನಿಸಿತ್ತು. ಪ್ರೊಜೆಕ್ಟರ್ ದೋಷವೇ? (ಮಂಗಳೂರಿನ ಓದುಗರು)

ಅಲ್ಲ. 2015ರಲ್ಲಿ ಸೆನ್ಸಾರ್ ಮಂಡಳಿ ಭಾರತದ ಪ್ರತಿಯಲ್ಲಿ ಚುಂಬನದ ದೃಶ್ಯಗಳನ್ನು ಸುಮಾರು ಅರ್ಧಕ್ಕೆ ಇಳಿಸಿತು. ಜಿಗಿತ ಅಲ್ಲಿಯದೇ ಇರಬೇಕು.

ಪ್ರಶ್ನೆ: ವೆಸ್ಪರ್ ಹೆಸರಿನ ಪಾನೀಯವನ್ನು ಚಿತ್ರದಲ್ಲಿ ಹೇಳಿದ ಹಾಗೆಯೇ ಮಾಡಿದರೂ ಸಿಹಿಯಾಗುತ್ತದಂತೆ, ಏಕೆ? (ದುಬೈನ ಓದುಗರು)

ಬಾಂಡ್ ಹೇಳುವ ಅಳತೆ ಮೂರು ಪಾಲು ಜಿನ್, ಒಂದು ಪಾಲು ವೋಡ್ಕಾ, ಅರ್ಧ ಪಾಲು ಕೀನಾ ಲಿಲೇ. ಮಂಜುಗಡ್ಡೆಯೊಂದಿಗೆ ಕುಲುಕಿ, ಮೇಲೆ ನಿಂಬೆ ಸಿಪ್ಪೆಯ ತೆಳು ಎಳೆ. ಕೀನಾ ಲಿಲೇಯ ಕಹಿ ಕ್ವಿನೈನ್‌ನದು. 1980ರ ದಶಕದಲ್ಲಿ ತಯಾರಕರು ಪಾಕ ಬದಲಿಸಿ ಆ ಕಹಿ ತಗ್ಗಿಸಿದರು. ಈಗ ಸಿಗುವ ಲಿಲೇ ಬ್ಲಾಂಕ್ ಹಾಕಿದರೆ ಸಿಹಿ ಮುಂದಾಗುತ್ತದೆ. ಬಲ್ಲವರು ಅದರ ಬದಲು ಕಹಿಯುಳ್ಳ ಕೊಕ್ಕಿ ಅಮೆರಿಕಾನೊ ಬಳಸುತ್ತಾರೆ.

ಪ್ರಶ್ನೆ: ‘ನೋ ಟೈಮ್ ಟು ಡೈ’ಯಲ್ಲಿ ಬಾಂಡ್‌ನನ್ನು ಸಾಯಿಸಿದ್ದು ಮೋಸ. ಸತ್ತವನ ಮುಂದಿನ ಚಿತ್ರ ಹೇಗೆ ಮಾಡುತ್ತಾರೆ? (ತುಮಕೂರಿನ ಓದುಗರು)

ಹೊಸದಾಗಿ ಶುರುವಾದ ಕಥೆಗೆ ಮಾತ್ರ ಹೀಗೆ ಮುಗಿಯುವ ಹಕ್ಕಿದೆ. 2006ರಲ್ಲಿ ಹುಟ್ಟಿದ ಈ ಬಾಂಡ್ 2021ರಲ್ಲಿ ತೀರಿಕೊಂಡ, ಅವನ ಬದುಕು ಐದು ಚಿತ್ರ. ಮೈಗೆ ಅಂಟಿದ ಹೆರಾಕ್ಲಿಸ್ ಎಂಬ ಸೂಕ್ಷ್ಮ ಯಂತ್ರಗಳ ವಿಷ ಅವನ ಪ್ರೇಯಸಿ ಮ್ಯಾಡಲಿನ್‌ಗೂ ಮಗಳಿಗೂ ಮಾರಕ, ಮತ್ತೆಂದೂ ಮುಟ್ಟುವಂತಿಲ್ಲ ಎಂದು ತಿಳಿದ ಮೇಲೆ ಅವನು ಕ್ಷಿಪಣಿಗಳಿಂದ ಓಡುವುದಿಲ್ಲ. ಯಾರನ್ನೂ ನಂಬಬಾರದು ಎಂದು ವೆಸ್ಪರ್‌ಳಿಂದ ಕಲಿತವನ ಕಥೆಗೆ ಇದಕ್ಕಿಂತ ತಕ್ಕ ಕೊನೆ ಬೇರೆ ಇರಲಿಲ್ಲ. ಹೆಸರುಗಳೆಲ್ಲ ಓಡಿದ ಮೇಲೆ ಜೇಮ್ಸ್ ಬಾಂಡ್ ಮರಳುತ್ತಾನೆ ಎಂಬ ಸಾಲು ಬರುತ್ತದೆ. ನೀವು ಅದಕ್ಕೂ ಮುಂಚೆ ಎದ್ದು ಬಂದಿರಬೇಕು. 2025ರಲ್ಲಿ ಸರಣಿಯ ಸೃಜನಶೀಲ ಹಿಡಿತ ಅಮೆಜಾನ್ ಎಂಜಿಎಂ ಕೈಗೆ ಬಂತು. ನಿರ್ದೇಶಕರಾಗಿ ಡೆನಿ ವಿಲ್‌ನವ್, ಬರಹಕ್ಕೆ ಸ್ಟೀವನ್ ನೈಟ್ ಅವರ ಹೆಸರು ಘೋಷಣೆಯಾಯಿತು.

ಪ್ರಶ್ನೆ: ನಮ್ಮ ರಾಜ್‌ಕುಮಾರ್ ಅವರ ಸಿಐಡಿ 999 ಸರಣಿಯನ್ನು ಹೀಗೆ ಹೊಸದಾಗಿ ಶುರುಮಾಡಬಹುದೇ? (ಗದಗದ ಓದುಗರು)

ಖಂಡಿತ ಮಾಡಬಹುದು. ದೊರೆ–ಭಗವಾನ್ ಜೋಡಿಯ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’ ಎರಡೂ 1968ರವು, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ 1969ರದು. ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು. ಈ ನಾಲ್ಕರ ಶೈಲಿಯನ್ನು, ಯಂತ್ರಗಳನ್ನು ನಕಲು ಮಾಡಿ ಪ್ರಯೋಜನವಿಲ್ಲ, ರಾಜ್‌ಕುಮಾರ್ ಅವರನ್ನು ಅನುಕರಿಸಿಯಂತೂ ಇಲ್ಲವೇ ಇಲ್ಲ. ಪ್ರಕಾಶ್ ಎಂಬ ಹುಡುಗನಿಗೆ 999 ಎಂಬ ಸಂಖ್ಯೆ ಇನ್ನೂ ಸಿಗದ ದಿನದಿಂದ ಶುರುಮಾಡಬೇಕು. ಮೊದಲ ಕೆಲಸದಲ್ಲೇ ಅವನು ದೊಡ್ಡ ತಪ್ಪೊಂದನ್ನು ಮಾಡಬೇಕು, ಅದರ ಗಾಯ ಎರಡನೆಯ ಚಿತ್ರದಲ್ಲೂ ಅವನ ಮೈಮೇಲೆ ಕಾಣಬೇಕು.