ಶೇರು ಗುಡ್ಡ ಹತ್ತಲಿ, ಚಿಂಚೋಳಿ ಕಾಡು ಮಾತ್ರ ಬೇಡ

ಕಲಬುರಗಿಯ ಓದುಗರೊಬ್ಬರು ಬರೆದಿದ್ದಾರೆ: ‘ಶರಣು. ನಮ್ಮ ಮನೆಯಲ್ಲಿ ಮೂರು ವರ್ಷದ ಮುಧೋಳ ನಾಯಿ ಇದೆ, ಹೆಸರು ಶೇರು. ಫೆಬ್ರವರಿ ಕೊನೆಗೆ ಒಂದು ಭಾನುವಾರ ಅವನನ್ನು ಕರೆದುಕೊಂಡು ಚಿಂಚೋಳಿ ಕಾಡಿನ ಗುಡ್ಡ ಹತ್ತುವ ಆಸೆ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್. ಏನೇನು ತಯಾರಿ ಬೇಕು?’

ನಿಮಗೂ ಶರಣು. ಪತ್ರ ಓದಿ ಖುಷಿ ಆಯಿತು. ವಾರವೆಲ್ಲ ಗೇಟಿನೊಳಗೆ ಇರುವ ನಾಯಿಗೆ ಗುಡ್ಡದ ಗಾಳಿ ಅಂದರೆ ಹಬ್ಬ. ಆದರೆ ಮೊದಲೇ ಹೇಳಿಬಿಡುತ್ತೇನೆ, ಚಿಂಚೋಳಿ ಕಾಡಿಗೆ ಶೇರು ಬೇಡ.

ಆ ಕಾಡು 2011ರಲ್ಲಿ ವನ್ಯಜೀವಿ ಅಭಯಾರಣ್ಯ ಆಗಿದೆ. ಅನುಮತಿ ಇಲ್ಲದೆ ನಾವೇ ಒಳಗೆ ಹೋಗುವ ಹಾಗಿಲ್ಲ. ಅಲ್ಲಿ ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ ಇವೆ. ಮುಧೋಳ ಬೇಟೆಯ ತಳಿ, ಕಣ್ಣು ಬಲು ಚುರುಕು. ಪೊದೆಯಿಂದ ಒಂದು ಮೊಲ ಎದ್ದರೆ ಸಾಕು, ನೀವು ಹೆಸರು ಕೂಗುವಷ್ಟರಲ್ಲಿ ಶೇರು ಮಾಯ. ಬೆಲ್ಟ್ ಗಟ್ಟಿಯಾಗಿ ಹಿಡಿಯುತ್ತೇನೆ ಅನ್ನಬಹುದು. ಹಿಡಿದರೂ ರೋಗ ತಡೆಯಲು ಆಗುವುದಿಲ್ಲ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ತೋಳ, ನರಿಗಳಿಗೂ ಹತ್ತುತ್ತದೆ. 2018ರಲ್ಲಿ ಗಿರ್ ಕಾಡಿನ ಸಿಂಹಗಳು ಸತ್ತಾಗ ಪತ್ತೆಯಾಗಿದ್ದೂ ಇದೇ ವೈರಸ್. ಅದೇ ಕಾಡಿನ ಚಂದ್ರಂಪಳ್ಳಿ ಜಲಾಶಯದ ಕಡೆ ಶೇರುವನ್ನು ಬಿಟ್ಟು, ಮನೆಯವರ ಜೊತೆ ಬೇರೆ ದಿನ ಹೋಗಿ ಬನ್ನಿ, ನೋಡಲೇಬೇಕಾದ ಜಾಗ.

ಶೇರುಗೆ ಯಾವುದಾದರೂ ಊರ ಪಕ್ಕದ ಗುಡ್ಡ ಹುಡುಕಿ. ದನ, ಕುರಿ ಮೇಯುವ, ನಾಲ್ಕು ಜನ ಓಡಾಡುವ ಗುಡ್ಡ ಆಗಿರಲಿ. ಅದೂ ಮೀಸಲು ಅರಣ್ಯವೋ ಅಲ್ಲವೋ ಅಂತ ಅರಣ್ಯ ಇಲಾಖೆಯವರನ್ನು ಒಂದು ಮಾತು ಕೇಳಿಕೊಳ್ಳಿ.

ಇನ್ನು ಬಿಸಿಲು. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಕೆಲವು ವರ್ಷದ ಹಿಂದೆ ಯಾದಗಿರಿ ಕಡೆಯ ಒಂದು ಗುಡ್ಡಕ್ಕೆ ನಮ್ಮ ಮೋತಿಯನ್ನು ಕರೆದುಕೊಂಡು ಹೋಗಿದ್ದೆ. ಅದೂ ಫೆಬ್ರವರಿ ಕೊನೆಯೇ. ಹತ್ತುವಾಗ ಅವನೇ ಮುಂದೆ. ಮೇಲೆ ಬುತ್ತಿ ಬಿಚ್ಚಿ, ರೊಟ್ಟಿ ತಿಂದು, ಸುಮ್ನೆ ಕೂತು ಇಳಿಯಲು ಶುರು ಮಾಡಿದಾಗ ಹನ್ನೆರಡು ದಾಟಿತ್ತು. ಬೆಳಿಗ್ಗೆ ತಣ್ಣಗಿದ್ದ ಬಂಡೆ ರೊಟ್ಟಿ ಹಂಚಿನ ಹಾಗೆ ಕಾದಿತ್ತು. ನನ್ನ ಕಾಲಲ್ಲಿ ಬೂಟು, ಗೊತ್ತೇ ಆಗಲಿಲ್ಲ. ಮೋತಿ ಒಂದೊಂದೇ ಪಾದ ಎತ್ತೆತ್ತಿ ಇಡುತ್ತಿದ್ದ. ಆಮೇಲೆ ಒಂದು ಜಾಲಿ ಗಿಡದ ಕೆಳಗೆ ಕೂತವನು ಏಳಲೇ ಇಲ್ಲ. ನಾಲಿಗೆ ಕಡುಗೆಂಪು, ಜೊಲ್ಲು ಅಂಟಂಟು. ನಮ್ಮ ನೀರು ಮುಗಿದಿತ್ತು.

ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ಓಡಿ ಬಂದರು. ತಮ್ಮ ಕ್ಯಾನಿನ ನೀರನ್ನೆಲ್ಲ ಅವನ ಹೊಟ್ಟೆ, ತೊಡೆಸಂದು, ಪಾದಕ್ಕೆ ಸುರಿದು ಟವೆಲಿನಿಂದ ಗಾಳಿ ಹಾಕಿದರು. ತಮ್ಮ ಕಂಬಳಿ ಹಾಸಿ ಮೋತಿಯನ್ನು ಮಲಗಿಸಿ, ಆ ಕಡೆ ಅವರು, ಈ ಕಡೆ ನಾನು ಹಿಡಿದು ಇಳಿಸಿದೆವು. ‘ಹೊತ್ತೇರಿದ ಮ್ಯಾಲ ನಮ್ಮ ನಾಯಿನೂ ನೆಳ್ಳ ಬಿಟ್ಟು ಬರಂಗಿಲ್ರೀ. ನೀವು ಹೊಂಟ್ರಿ, ಅದು ನಿಮ್ಮ ಹಿಂದ ಬಂದದ’ ಅಂದರು. ಪಶುವೈದ್ಯರು ಸಲೈನ್ ಹಾಕಿದರು. ಮೂರನೇ ದಿನ ಮೋತಿ ರೊಟ್ಟಿ ಮುಟ್ಟಿದ.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಚೂರು ಬೆವರುತ್ತದೆ, ಉಳಿದ ಬಿಸಿ ತೇಕಿಯೇ ಹೊರಗೆ ಹೋಗಬೇಕು. ಅದರ ಮೈ ಬಿಸಿ ಸಾಧಾರಣವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಕುತ್ತು. ಸಾಕು, ವಾಪಸ್ ಹೋಗೋಣ ಅಂತ ಶೇರು ಹೇಳುವುದಿಲ್ಲ ಅಲ್ವಾ? ನೀವು ನಡೆದಷ್ಟೂ ನಡೆಯುತ್ತಾನೆ. ಆ ಮಾತು ನೀವೇ ಹೇಳಬೇಕು, ಅವನು ಇನ್ನೂ ಕುಣಿಯುತ್ತಿರುವಾಗಲೇ.

ಹಾಗಾಗಿ ಡಿಸೆಂಬರ್ ಅಥವಾ ಜನವರಿಯಲ್ಲಿ ಹೋಗಿ. ಬೆಳಕು ಹರಿಯುವಾಗ ಹತ್ತಿ, ಹತ್ತು ಗಂಟೆಗೆಲ್ಲ ಕೆಳಗಿರಿ. ಸಂಜೆವರೆಗೆ ಬೇಡ. ಬಂಡೆಯ ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸಿ. ನಿಮಗೆ ತಡೆಯಲು ಆಗದಿದ್ದರೆ ಅವನ ಪಾದಕ್ಕೂ ಆಗುವುದಿಲ್ಲ. ನಿಮ್ಮ ನೀರು ಬೇರೆ, ಅವನಿಗೇ ಅಂತ ಎರಡು ಲೀಟರ್ ಬೇರೆ. ಕುರಿ ಹಿಂಡು ಕಂಡರೆ ದೂರದಿಂದ ಸುತ್ತಿ ಹೋಗಿ, ಹಿಂಡು ಕಾಯುವ ನಾಯಿಗಳು ಹೊರಗಿನ ನಾಯಿಯನ್ನು ಸಹಿಸುವುದಿಲ್ಲ. ರೇಬಿಸ್, ಡಿಸ್ಟೆಂಪರ್ ಲಸಿಕೆ ಬಾಕಿ ಇದ್ದರೆ ಮೊದಲೇ ಹಾಕಿಸಿ.

ಮನೆಗೆ ಬಂದ ಮೇಲೆ ಶೇರುವನ್ನು ಮಲಗಿಸಿಕೊಂಡು ಬೆರಳ ಸಂದಿ, ಕಿವಿಯೊಳಗೆ ಬೆಳಕು ಬಿಟ್ಟು ನೋಡಿ. ನೆಗ್ಗಿನಮುಳ್ಳು, ಹುಲ್ಲಿನ ಚೂಪು ಬೀಜ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಉಣ್ಣೆ ಹುಳು ಕಂಡರೆ ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಯಾವ ಗುಡ್ಡ ಸಿಕ್ಕಿತು, ಶೇರು ಹೇಗೆ ಹತ್ತಿದ ಅಂತ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ