ಜ್ವರ ತಲಪಾಡಿಯ ಈಚೆ, ಲೆಕ್ಕ ಆಚೆ

ನಿಮ್ಮ ಊರಿನಲ್ಲಿ ಇಷ್ಟರವರೆಗೆ ನಿಜವಾಗಿ ಎಷ್ಟು ಮಂದಿಗೆ ಡೆಂಗಿ ಬಂದಿದೆ ಎಂದು ಕೇಳಿದ್ದೀರಿ. ಆಸ್ಪತ್ರೆಯ ಪಟ್ಟಿ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಊರವರ ರಕ್ತವನ್ನೇ ಕೇಳಬೇಕು. ಕಾರಣ ತಿಳಿಯಬೇಕಾದರೆ ಕಾಸರಗೋಡಿನ ಉತ್ತರ ಭಾಗದಲ್ಲಿ ನಾವು ಜ್ವರ ಬಂದಾಗ ಏನು ಮಾಡುತ್ತೇವೆ ಎಂಬುದನ್ನು ಮೊದಲು ಹೇಳಬೇಕು.

ಜೂನ್ ತಿಂಗಳಲ್ಲಿ ಅಡಿಕೆ ತೋಟದಲ್ಲಿ ಬಿದ್ದ ಹಾಳೆಯನ್ನು ಕವುಚಿ ಹಾಕದೆ ಬಿಟ್ಟರೆ ಅದರ ಮಡಿಲಲ್ಲಿ ಒಂದು ಕುಡ್ತೆಯಷ್ಟು ಮಳೆನೀರು ನಿಲ್ಲುತ್ತದೆ, ಹತ್ತು ದಿನದೊಳಗೆ ಅದರಲ್ಲಿ ಹುಳುಗಳು ಕುಣಿಯುತ್ತವೆ. ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಅಂಗಳದ ಮೂಲೆಯ ಗೆರಟೆ ಎಲ್ಲದರ ಕತೆಯೂ ಇದೇ. ಮೈಮೇಲೆ ಬಿಳಿ ಪಟ್ಟೆಗಳಿರುವ ಏಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹಾಗಾಗಿ ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗುವವರೂ ತೋಟದ ಕೆಲಸದ ನಡುವೆ ಕಚ್ಚಿಸಿಕೊಳ್ಳುತ್ತಾರೆ. ಜ್ವರ ಬಂದರೆ ಎರಡು ದಿನ ಮನೆಯಲ್ಲೇ ಗಂಜಿ ಮತ್ತು ಪ್ಯಾರಾಸಿಟಮಾಲ್, ಮೂರನೆಯ ದಿನ ಬದಿಯಡ್ಕದಲ್ಲೋ ಕುಂಬಳೆಯಲ್ಲೋ ವೈದ್ಯರ ಭೇಟಿ, ಪ್ಲೇಟ್‌ಲೆಟ್ ಇಳಿಯಿತೆಂದರೆ ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರು. ಅಲ್ಲಿ ದಾಖಲಾಗುವಾಗ ಎಷ್ಟೋ ಮಂದಿ ಅನುಕೂಲಕ್ಕೆಂದು ಅಲ್ಲಿರುವ ನೆಂಟರ ಮನೆಯ ವಿಳಾಸವನ್ನೇ ಕೊಡುತ್ತಾರೆ. ಹೀಗೆ ಕೇರಳದ ಹಾಳೆಯಲ್ಲಿ ಹುಟ್ಟಿದ ಸೊಳ್ಳೆ ತಂದ ಜ್ವರ ಕರ್ನಾಟಕದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತದವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಡೆಂಗಿ ವೈರಸ್ ತಗುಲಿದವರಲ್ಲಿ ಬಹುಪಾಲು ಮಂದಿಗೆ ಜ್ವರವೇ ಕಾಣಿಸಿಕೊಳ್ಳುವುದಿಲ್ಲ.

ರಕ್ತ ಮಾತ್ರ ಇದನ್ನು ನೆನಪಿಟ್ಟುಕೊಳ್ಳುತ್ತದೆ. ಜ್ವರದ ಮೊದಲ ದಿನಗಳಲ್ಲಿ ಎನ್‌ಎಸ್1 ಪರೀಕ್ಷೆ ಹುಡುಕುವುದು ವೈರಸ್ಸಿನದೇ ಒಂದು ಪ್ರೋಟೀನನ್ನು. ಸುಮಾರು ಐದನೆಯ ದಿನದಿಂದ ವೈರಸ್ಸಿನ ವಿರುದ್ಧ ದೇಹವೇ ತಯಾರಿಸುವ ಐಜಿಎಂ ಎಂಬ ಪ್ರತಿಕಾಯ ಸಿಗತೊಡಗುತ್ತದೆ, ಕೆಲವು ತಿಂಗಳುಗಳಲ್ಲಿ ಕರಗುತ್ತದೆ. ಅದರ ಹಿಂದೆಯೇ ಬರುವ ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ದಶಕಗಳ ಕಾಲ ಉಳಿಯುತ್ತದೆ. ಆದುದರಿಂದ ಐಜಿಜಿ ಕಂಡುಬಂದರೆ ಆ ಮನುಷ್ಯನಿಗೆ ಹಿಂದೊಮ್ಮೆ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ಇಂದಿನ ಜ್ವರ ಡೆಂಗಿಯೆಂದು ಅದೊಂದರಿಂದಲೇ ಹೇಳಲಾಗದು. ನನ್ನ ಅತ್ತೆಗೆ ಒಮ್ಮೆ ಶೀತಜ್ವರ ಬಂದಾಗ ಪ್ರಯೋಗಾಲಯವೊಂದು ಐಜಿಜಿ ಪಾಸಿಟಿವ್ ಎಂದು ಇಂಗ್ಲಿಷಿನಲ್ಲಿ ಬರೆದು ಕೊಟ್ಟ ಚೀಟಿ ಹಿಡಿದು ಮನೆಮಂದಿಯೆಲ್ಲ ಗಾಬರಿಯಾಗಿ ರಾತ್ರೋರಾತ್ರಿ ಕಾರು ಗೊತ್ತುಮಾಡಿದ್ದರು. ಐಜಿಎಂ ನೆಗೆಟಿವ್ ಎಂದು ಅದೇ ಚೀಟಿಯ ಮೇಲಿನ ಸಾಲಿನಲ್ಲಿತ್ತು, ಅದನ್ನು ಯಾರೂ ಓದಿರಲಿಲ್ಲ. ಹಾಗೆಂದು ಐಜಿಎಂ ಇಲ್ಲದಿದ್ದರೆ ಡೆಂಗಿ ಅಲ್ಲವೇ ಅಲ್ಲ ಎನ್ನುವಂತೆಯೂ ಇಲ್ಲ, ಏಕೆಂದರೆ ಎರಡನೆಯ ಬಾರಿಯ ಸೋಂಕಿನಲ್ಲಿ ಅದು ತೀರಾ ಕಡಿಮೆ ಇರುವುದುಂಟು. ಅಂಥ ಸಂದೇಹಕ್ಕೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ರಕ್ತ ತೆಗೆದು ಪ್ರತಿಕಾಯದ ಪ್ರಮಾಣ ಏರಿದೆಯೇ ಎಂದು ನೋಡುತ್ತಾರೆ.

ಒಬ್ಬ ರೋಗಿಯ ಚಿಕಿತ್ಸೆಯಲ್ಲಿ ಹೆಚ್ಚೇನೂ ಹೇಳದ ಈ ಐಜಿಜಿ ಇಡೀ ಊರಿನ ಲೆಕ್ಕಕ್ಕೆ ಬಹಳ ಬೆಲೆಯುಳ್ಳದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017–18ರಲ್ಲಿ 15 ರಾಜ್ಯಗಳಲ್ಲಿ 5ರಿಂದ 45 ವರ್ಷದ ಸುಮಾರು 12,300 ಜನರ ರಕ್ತವನ್ನು ಹೀಗೆ ಪರೀಕ್ಷಿಸಿದಾಗ 48.7 ಶೇಕಡಾ ಮಂದಿಯಲ್ಲಿ ಡೆಂಗಿಯ ಐಜಿಜಿ ಇರುವುದಾಗಿ ಅಂದಾಜಾಯಿತು. ದಕ್ಷಿಣದ ರಾಜ್ಯಗಳಲ್ಲಿ ಅದು 76.9 ಶೇಕಡಾ. ನನಗೆ ಡೆಂಗಿ ಬಂದೇ ಇಲ್ಲ ಎಂದು ಎದೆ ತಟ್ಟಿ ಹೇಳುವ ನಮ್ಮವರಲ್ಲಿ ಎಷ್ಟು ಮಂದಿಯ ಮಾತನ್ನು ನಂಬಬಹುದು ಎಂದು ನೀವೇ ಯೋಚಿಸಿ.

ಇಂಥ ಸಮೀಕ್ಷೆಯಲ್ಲಿ ನಾನು ಮೊದಲು ನೋಡುವುದು ಮಕ್ಕಳ ಅಂಕಿಯನ್ನು. ನಲವತ್ತು ವರ್ಷದವನ ಐಜಿಜಿ ಯಾವ ಮಳೆಗಾಲದ್ದು ಎಂದು ಹೇಳಲಾಗದು, ಆರು ವರ್ಷದ ಮಗುವಿನದ್ದಾದರೆ ಈ ಆರು ವರ್ಷದೊಳಗಿನದ್ದೇ. ತಾಯಿಯಿಂದ ಬಂದ ಪ್ರತಿಕಾಯ ಮೊದಲ ಹುಟ್ಟುಹಬ್ಬದ ಸುಮಾರಿಗೆ ಮುಗಿದಿರುತ್ತದೆ. ವಯಸ್ಸಿನೊಂದಿಗೆ ಐಜಿಜಿ ಇರುವವರ ಪ್ರಮಾಣ ಎಷ್ಟು ಬೇಗ ಏರುತ್ತದೆ ಎಂಬುದರಿಂದ ವರ್ಷಕ್ಕೆ ಸರಾಸರಿ ಎಷ್ಟು ಮಂದಿಗೆ ಹೊಸದಾಗಿ ಸೋಂಕು ತಗುಲುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಒಂದು ತೊಡಕೂ ಇದೆ. ಡೆಂಗಿಯ ಪ್ರತಿಕಾಯವೂ ಅದೇ ವೈರಸ್ ಕುಟುಂಬದ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳುಜ್ವರದ ಪ್ರತಿಕಾಯವೂ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಯಲ್ಲಿ ಒಂದರಂತೆ ಇನ್ನೊಂದು ತೋರಿಬಿಡುವುದುಂಟು. ಸಂಶಯ ಬಂದ ಮಾದರಿಗಳಲ್ಲಿ ಯಾವ ವೈರಸ್ಸನ್ನು ಆ ರಕ್ತ ತಡೆಯುತ್ತದೆ ಎಂದು ಬೇರೆಯಾಗಿ ನೋಡಬೇಕಾಗುತ್ತದೆ, ಅದಕ್ಕೆ ಸಮಯವೂ ಹಣವೂ ಹೆಚ್ಚು. ಚಿಕುನ್‌ಗುನ್ಯಾ ಬೇರೆಯೇ ಕುಟುಂಬದ್ದಾದ ಕಾರಣ ಡೆಂಗಿಯ ಜೊತೆ ಈ ಗೊಂದಲವಿಲ್ಲ.

ನಮ್ಮ ಪಂಚಾಯತ್‌ಗಳಲ್ಲಿ ಇದನ್ನು ಮಾಡುವುದಾದರೆ ಮನೆಗಳನ್ನು ಚೀಟಿ ಎತ್ತಿ ಆರಿಸಬೇಕು, ಒಪ್ಪಿಗೆಪತ್ರ ಮಲಯಾಳದಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿಯೂ ಇರಬೇಕು, ಕೇಳಲು ಬರುವವರಿಗೆ ತುಳು ಬಂದರೆ ಇನ್ನೂ ಒಳ್ಳೆಯದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಿ ಮಗುವಿನ ತೋಳು ಚಾಚಿಸಲು ಯಾವ ತಾಯಿಯೂ ಒಪ್ಪಲಾರಳು. ಗಡಿಯ ಆಚೆ ಬಂಟ್ವಾಳ, ಪುತ್ತೂರು ಕಡೆಯ ಗ್ರಾಮಗಳಲ್ಲಿಯೂ ಅದೇ ತಿಂಗಳಲ್ಲಿ ರಕ್ತ ತೆಗೆದು ಎರಡನ್ನೂ ಜೊತೆಗಿಟ್ಟು ನೋಡಿದರೆ ನಿಮ್ಮ ಪ್ರಶ್ನೆಗೆ ಒಂದು ಅಂಕಿಯನ್ನೇ ಕೊಡಬಹುದು.